ಏರ್‌ಪೋರ್ಟ್ ಬಂದು ನಿಮ್ಮೂರು ಉದ್ಧಾರ ಆಯ್ತಲ್ಲವಾ?

ನಾನು ದೇವನಹಳ್ಳಿ ಕಡೆಯವಳು ಅಂದ ಕೂಡಲೇ ಎದುರಿಗಿರುವವರ ಮುಖ ಅರಳುತ್ತದೆ. "ಓ, ಏರ್‌ಪೋರ್ಟ್ ಪಕ್ಕ! ಜಮೀನಿದೆಯಾ?" ಅನ್ನುವುದು ಮೊದಲ ಮಾತು. "ಏರ್‌ಪೋರ್ಟ್ ಬಂದು ನಿಮ್ಮೂರು ಉದ್ಧಾರ ಆಯ್ತಲ್ಲವಾ? ನಿಮಗೆ ಖುಷಿನೇ ಇರಬೇಕು" ಅನ್ನುವುದು ಎರಡನೆಯದು. ಆಫೀಸಿನಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ, ಕ್ಯಾಬ್ ಹತ್ತಿದರೆ ಡ್ರೈವರ್ ಬಾಯಲ್ಲಿ, ಎಲ್ಲ ಕಡೆ ಇದೇ. ಹೌದು ಅಂದರೂ ಅರ್ಧ ಸುಳ್ಳಾಗುತ್ತದೆ, ಇಲ್ಲ ಅಂದರೂ ಅರ್ಧ ಸುಳ್ಳಾಗುತ್ತದೆ. ನಿಂತ ನಿಲುವಿನಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಖುಷಿಯ ಮಾತನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಊರು ಹಾಳಾಯಿತು ಎಂದು ಕೊರಗುವವರು ಅದನ್ನು ಹೇಳುವುದೇ ಇಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಹಳ್ಳಿಯ ಹುಡುಗಿಯರಿಗೆ ಹೆಚ್ಚು ದಾರಿಗಳಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವರು ಒಂದೆರಡು ವರ್ಷ ಕಾಲೇಜಿಗೆ ಹೋಗುತ್ತಿದ್ದರು. ಫೇಲಾದವರು ರೇಷ್ಮೆ ಹುಳುವಿಗೆ ಸೊಪ್ಪು ಹಾಕಿಕೊಂಡು, ಗಂಡು ನೋಡಲು ಬರುವವರೆಗೆ ಮನೆಯಲ್ಲಿರುತ್ತಿದ್ದರು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಲೆಕ್ಕ ನಿಧಾನವಾಗಿ ಬದಲಾಯಿತು. ಕಾರ್ಗೋ, ಕ್ಯಾಂಟೀನು, ಸೆಕ್ಯುರಿಟಿ, ಹೌಸ್‌ಕೀಪಿಂಗ್ ಎಂದು ಕೆಲಸಗಳು ಹುಟ್ಟಿದವು. ಈಗ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಾರ್ಖಾನೆಯೂ ಬಂದಿದೆ, ಅಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು.

ನಮ್ಮ ತೋಟಕ್ಕೆ ಕೂಲಿಗೆ ಬರುತ್ತಿದ್ದ ಒಬ್ಬಾಕೆಯ ಮಗಳು ಈಗ ಶಿಫ್ಟ್ ಕೆಲಸಕ್ಕೆ ಹೋಗುತ್ತಾಳೆ. ಕಂಪನಿಯ ಬಸ್ಸು ಹಳ್ಳಿಯ ಅರಳಿಕಟ್ಟೆಯವರೆಗೂ ಬರುತ್ತದೆ. ಮನೆಯಲ್ಲಿ ಮದುವೆ ಮಾತು ತೆಗೆದಾಗ, "ಇನ್ನೆರಡು ವರ್ಷ ತಡಿಯಪ್ಪ, ತಮ್ಮನ ಡಿಪ್ಲೊಮಾ ಮುಗೀಲಿ, ಫೀಸು ನಾನೇ ಕಟ್ತೀನಿ" ಅಂದಳಂತೆ. ಅಪ್ಪ ಮರುಮಾತಾಡಲಿಲ್ಲ. ಅವಳ ತಾಯಿ ಒಂದು ಕಾಲದಲ್ಲಿ ನಾಳೆ ಕೆಲಸ ಉಂಟೋ ಇಲ್ಲವೋ ಎಂದು ಕೇಳಲು ಸಂಜೆ ನಮ್ಮ ಮನೆಯ ಜಗಲಿಯ ಕೆಳಗೆ ನಿಂತಿರುತ್ತಿದ್ದರು, ಜಗಲಿ ಹತ್ತುತ್ತಿರಲಿಲ್ಲ. ಆ ಮಗಳು ಯಾರ ಜಗಲಿಯ ಕೆಳಗೂ ನಿಲ್ಲಬೇಕಿಲ್ಲ. ಹಳೆಯ ಊರೇ ಚೆನ್ನಾಗಿತ್ತು ಎಂದು ಯಾರಾದರೂ ಅಂದರೆ ಈ ಹುಡುಗಿ ನನ್ನ ಕಣ್ಣ ಮುಂದೆ ಬರುತ್ತಾಳೆ. ಅವಳ ಮಟ್ಟಿಗೆ ಹಳೆಯ ಊರು ಚೆನ್ನಾಗಿರಲಿಲ್ಲ.

ಇನ್ನು ಜಮೀನಿನ ಮಾತು.

ನಮ್ಮದು ದ್ರಾಕ್ಷಿಯ ಸೀಮೆ. ಬೆಂಗಳೂರು ಬ್ಲೂ ಎನ್ನುವ ಕಪ್ಪು ದ್ರಾಕ್ಷಿಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಬೆಳೆ ಎನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಈ ಕೆಮ್ಮಣ್ಣಿನಲ್ಲಿ ಅದು ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ತೋಟ ಮಾಡುವುದೆಂದರೆ ಮೊದಲು ಕಲ್ಲುಕಂಬ ನೆಡಬೇಕು, ಮೇಲೆ ತಂತಿ ಎಳೆದು ಚಪ್ಪರ ಹಾಕಬೇಕು, ಬಳ್ಳಿಯನ್ನು ಕೈ ಹಿಡಿದು ಹತ್ತಿಸಬೇಕು. ಮೋಡ ಮುಚ್ಚಿದರೆ ಬೂಜು ರೋಗದ ಭಯ. ಮೈಲುತುತ್ತ, ಸುಣ್ಣ ಕಲಸಿ ಅಪ್ಪ ಔಷಧಿ ಹೊಡೆದು ಬಂದ ದಿನ ಅವರ ರೆಪ್ಪೆಯ ಕೂದಲೂ ತಿಳಿನೀಲಿಯಾಗಿರುತ್ತಿತ್ತು. ಕಂಬಗಳಿಗೂ ಅದೇ ಬಣ್ಣ. ಈಗ ನಮ್ಮ ತೋಟವಿದ್ದ ಭಾಗದಲ್ಲಿ ತೋಟಗಳಿಲ್ಲ. ಕಿತ್ತ ಕಲ್ಲುಕಂಬಗಳನ್ನು ಲೇಔಟುಗಳವರು ಕೊಂಡು ಸೈಟುಗಳ ಸುತ್ತ ನೆಟ್ಟು ಮುಳ್ಳುತಂತಿ ಬಿಗಿದಿದ್ದಾರೆ. ಹತ್ತಿರ ಹೋಗಿ ನೋಡಿದರೆ ಕಲ್ಲಿನ ಸಂದಿಯಲ್ಲಿ ಮೈಲುತುತ್ತದ ನೀಲಿ ಇನ್ನೂ ಕೂತಿದೆ. ಎಷ್ಟು ಮಳೆ ಬಂದರೂ ಅದು ಹೋಗಿಲ್ಲ.

ಜಮೀನು ಹೋದವರಿಗೆ ದುಡ್ಡು ಬಂತು. ಅದನ್ನು ಹಾಳು ಮಾಡಿದವರ ಕಥೆಗಳನ್ನು ಬೆಂಗಳೂರಿನವರು ಬಹಳ ಇಷ್ಟಪಟ್ಟು ಹೇಳುತ್ತಾರೆ, ಕಾರು ಕೊಂಡ, ಕುಡಿದ, ಮುಳುಗಿದ ಎಂದು. ನಾನು ಕಂಡ ಬಹುಪಾಲು ಜನ ಹಾಗೆ ಮಾಡಲಿಲ್ಲ. ಬಾಡಿಗೆ ಬರುವ ಹಾಗೆ ಮನೆ ಕಟ್ಟಿದರು, ಹೆಣ್ಣುಮಕ್ಕಳ ಮದುವೆ ಮಾಡಿದರು, ಚಿಂತಾಮಣಿ ಕಡೆಯೋ ಗೌರಿಬಿದನೂರು ಕಡೆಯೋ ನಾಲ್ಕೆಕರೆ ಹುಡುಕಿದರು. ಆದರೆ ನಮ್ಮ ದೊಡ್ಡಮ್ಮ ಒಂದು ಮಾತು ಹೇಳಿದರು: "ದುಡ್ಡು ಬಂತು ಕಣಮ್ಮ, ಇಲ್ಲ ಅನ್ನಲ್ಲ. ಬೆಳಗ್ಗೆ ಎದ್ರೆ ಎಲ್ಲಿಗೆ ಹೋಗ್ಬೇಕು ಅಂತಾನೇ ಗೊತ್ತಾಗಲ್ಲ." ಐವತ್ತು ವರ್ಷ ಹೊಲಕ್ಕೆ ನಡೆದ ಕಾಲು ಅವರದು. ಆ ನಷ್ಟಕ್ಕೆ ಯಾವ ಅಧಿಕಾರಿಯೂ ಎಕರೆಗಿಷ್ಟು ಎಂದು ದರ ಹಾಕಲಾರ.

ದುಡ್ಡಿನ ಹಿಂದೆಯೇ ಕೋರ್ಟು ಬಂತು. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಊರಿನವರು ಇದನ್ನು ಹೇಳುವ ರೀತಿ ನನಗೆ ಒಪ್ಪಿಗೆಯಿಲ್ಲ. "ಏರ್‌ಪೋರ್ಟು ಅಣ್ಣ ತಂಗೀನ ಬೇರೆ ಮಾಡ್ತು" ಅನ್ನುತ್ತಾರೆ. ಜಮೀನಿಗೆ ಬೆಲೆ ಇಲ್ಲದಿದ್ದಾಗ ಮದುವೆಯಾದ ಹೆಣ್ಣುಮಕ್ಕಳು ಗೌರಿ ಹಬ್ಬಕ್ಕೆ ಬಂದು, ಅರಿಶಿನ ಕುಂಕುಮ, ಸೀರೆ ತೆಗೆದುಕೊಂಡು, ತೋರಿಸಿದ ಕಡೆ ರುಜು ಹಾಕಿ ಹೋಗುತ್ತಿದ್ದರು. ಪರಿಹಾರದ ನೋಟಿಸು ಬಂದ ಮೇಲೆ ಅವರೇ ಭಾಗದ ಕೇಸು ಹಾಕಿದರು. ಕರ್ನಾಟಕದಲ್ಲಿ 1994ರ ತಿದ್ದುಪಡಿಯೇ ಅಲ್ಲಿಯವರೆಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತ್ತು, 2005ರಲ್ಲಿ ಮದುವೆಯಾದವರಿಗೂ ಸೇರಿ ದೇಶಕ್ಕೆಲ್ಲ ಅದು ಕಾನೂನಾಯಿತು. ಆ ಹೊತ್ತಿಗೆ ತಂದೆ ಬದುಕಿದ್ದರೂ ಇಲ್ಲದಿದ್ದರೂ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಕಾನೂನಿನಲ್ಲಿದ್ದದ್ದನ್ನು ಅವರು ಕೇಳಿದರು, ಅಷ್ಟೇ. ತವರಿನ ಬಾಗಿಲು ಮುಚ್ಚಿಸಿಕೊಂಡು, ಬಾಣಂತನಕ್ಕೆ ಕರೆಯುವವರಿಲ್ಲದೆ ಕೇಳಿದರು. ನಮ್ಮ ಮನೆಯಲ್ಲೂ ಈ ಜಗಳ ನಡೆದಿದೆ, ಒಬ್ಬ ಅತ್ತೆ ಇವತ್ತಿಗೂ ನಮ್ಮ ಮನೆಯ ಶುಭಕಾರ್ಯಗಳಿಗೆ ಬರುವುದಿಲ್ಲ. ಅವರ ಪಾಲು ಅವರಿಗೆ ಮೊದಲೇ ಕೊಟ್ಟಿದ್ದರೆ ಬರುತ್ತಿದ್ದರು. ಆ ಅನ್ಯಾಯ ವಿಮಾನ ಬರುವುದಕ್ಕೂ ಮೊದಲೇ ಪಹಣಿಯಲ್ಲಿತ್ತು.

ಪಹಣಿಯಲ್ಲಿ ಹೆಸರಿಲ್ಲದವರು ಇನ್ನೂ ಇದ್ದರು. ದ್ರಾಕ್ಷಿ ತೋಟದಲ್ಲಿ ಕಡ್ಡಿ ಕತ್ತರಿಸುತ್ತಿದ್ದವರು, ಗೊನೆ ಬಿಡಿಸಿ ಕ್ರೇಟಿಗೆ ತುಂಬುತ್ತಿದ್ದವರು, ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವರು. ಜಮೀನು ಹೋದ ದಿನ ಅವರ ಅನ್ನವೂ ಹೋಯಿತು. ಜಮೀನಿಲ್ಲದ ಕೃಷಿ ಕಾರ್ಮಿಕರನ್ನೂ ಬಾಧಿತ ಕುಟುಂಬ ಎಂದು 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಪರಿಗಣಿಸುತ್ತದೆ. ಆದರೆ ನಮ್ಮ ಕಡೆಯ ಕೈಗಾರಿಕಾ ಪ್ರದೇಶಗಳಿಗೆ ಜಮೀನು ಹೋಗುವುದು ಬಹುತೇಕ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ (ಕೆಐಎಡಿಬಿ) ಕಾಯ್ದೆಯ ಕೆಳಗೆ. ಮೊದಲು 28(1) ನೋಟಿಸು, ಆಮೇಲೆ 28(4) ಅಂತಿಮ ಅಧಿಸೂಚನೆ. ಈ ಸೆಕ್ಷನ್ನುಗಳು ನಮ್ಮೂರಿನ ಅಜ್ಜಂದಿರಿಗೂ ಬಾಯಿಪಾಠ. ದುಡ್ಡು ಪಹಣಿಯಲ್ಲಿದ್ದ ಹೆಸರಿಗೆ ಬಂತು. ಕೂಲಿಯವರಲ್ಲಿ ವಯಸ್ಸಿದ್ದವರು, ಓದಿದ ಮಕ್ಕಳಿದ್ದವರು ಹೊಸ ಕೆಲಸ ಹಿಡಿದರು. ನಲವತ್ತೈದು ದಾಟಿದ ಹೆಂಗಸರು ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆಯುತ್ತಿದ್ದಾರೆ, ಅದೂ ಸಿಗದವರು ಮನೆಯಲ್ಲಿದ್ದಾರೆ. ನನ್ನ ಬೇಸರದ ಬಹುಪಾಲು ಇಲ್ಲಿದೆ. ಹಸಿರು ಹೋಯಿತು, ಗಾಳಿ ಹೋಯಿತು ಅನ್ನುವುದಕ್ಕಿಂತ ಹೆಚ್ಚಾಗಿ, ಇಷ್ಟು ದೊಡ್ಡ ಬದಲಾವಣೆಯಲ್ಲಿ ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡರು, ಯಾರನ್ನು ಬಿಟ್ಟರು ಅನ್ನುವುದು ನನ್ನನ್ನು ಕೊರೆಯುತ್ತದೆ.

ನೀರಿನದ್ದೂ ಇದೇ ಕಥೆ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ನಮ್ಮ ತಾಲ್ಲೂಕಿನ ಮೇಲೇ ಹರಿಯಬೇಕು. ಅದು ಹರಿದದ್ದನ್ನು ಹಿರಿಯರು ಮಾತ್ರ ಬಲ್ಲರು. ಬೋರ್‌ವೆಲ್ಲುಗಳು ಸಾವಿರ ಅಡಿ ದಾಟಿವೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಬತ್ತಿದ ಕೆರೆ ತುಂಬಿದ್ದು ನೋಡಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಮೂರನೇ ಹಂತದ ಶುದ್ಧೀಕರಣವನ್ನೂ ಮಾಡಿ ಎಂದು ರೈತರು ವರ್ಷಗಳಿಂದ ಕೇಳುತ್ತಿದ್ದಾರೆ. ನಗರಕ್ಕೆ ನಮ್ಮ ಜಮೀನು ಬೇಕು, ಹಾಲು ತರಕಾರಿ ಬೇಕು ಎಂದಾದರೆ, ಕುಡಿಯುವ ನೀರಿನ ಸೆಲೆಗೆ ಇಳಿಯುವ ನೀರನ್ನು ಪೂರ್ತಿ ಶುದ್ಧ ಮಾಡಿ ಕಳಿಸುವ ಜವಾಬ್ದಾರಿಯೂ ಅದಕ್ಕಿದೆ.

ಊರಿನ ಇತಿಹಾಸದ ಬಗ್ಗೆಯೂ ಕೇಳುತ್ತಾರೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಈ ನಿಲ್ದಾಣದಲ್ಲಿ ವರ್ಷಕ್ಕೆ 4 ಕೋಟಿಗೂ ಹೆಚ್ಚು ಜನ ಓಡಾಡುತ್ತಾರೆ. 2022ರ ನವೆಂಬರಿನಲ್ಲಿ ಅನಾವರಣವಾದ 108 ಅಡಿಯ ಕೆಂಪೇಗೌಡರ ಪ್ರತಿಮೆಯನ್ನು ನೋಡುತ್ತಾರೆ. ಕೆಂಪೇಗೌಡರ ವಂಶದ ಮೂಲ ಆವತಿ. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆ ಹೊರಟರೆ ಹೆದ್ದಾರಿಯಲ್ಲೇ ಸಿಗುತ್ತದೆ, ಅಲ್ಲಿ ಇಳಿದು ನೋಡುವವರು ಕಡಿಮೆ. ಆವತಿಯ ಮಲ್ಲಬೈರೇಗೌಡ 1501ರಲ್ಲಿ ಕಟ್ಟಿಸಿದ ದೇವನಹಳ್ಳಿ ಕೋಟೆ, ಟಿಪ್ಪು ಹುಟ್ಟಿದ ಜಾಗ, ವೇಣುಗೋಪಾಲಸ್ವಾಮಿ ಗುಡಿ ಎಲ್ಲವೂ ನಿಲ್ದಾಣದಿಂದ ಕೂಗಳತೆಯಲ್ಲಿವೆ. ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅಲ್ಲಿ ಒಮ್ಮೆ ಹೋಗಿ ಬನ್ನಿ. ಬೊಡ್ಡೆ ಟೊಳ್ಳಾಗಿ, ಮಲಗಿದಂತೆ ಬಾಗಿ, ಮತ್ತೆ ಚಿಗುರಿದ ಮರಗಳಿವೆ. ಈಗ ಕಟ್ಟುತ್ತಿರುವ ಮೆಟ್ರೋ ನೀಲಿ ಮಾರ್ಗ ಟರ್ಮಿನಲ್ಲಿಗೆ ಬಂದು ನಿಲ್ಲುತ್ತದೆ. ಅದನ್ನು ಊರಿನವರೆಗೂ ಎಳೆದರೆ ನಮ್ಮ ಕಾಲೇಜು ಮಕ್ಕಳಿಗೆ ದೊಡ್ಡ ಉಪಕಾರ.

ಚಕ್ಕೋತವನ್ನು ಬಿಟ್ಟರೆ ನಮ್ಮೂರಿನವರು ನನ್ನನ್ನು ಕ್ಷಮಿಸುವುದಿಲ್ಲ. ದೇವನಹಳ್ಳಿ ಚಕ್ಕೋತಕ್ಕೂ ಜಿಐ ಇದೆ. ದಪ್ಪ ಸಿಪ್ಪೆ, ಅದರೊಳಗೆ ಹತ್ತಿಯಂಥ ಬಿಳಿ ಪದರ, ಆಮೇಲೆ ಒಂದೊಂದೇ ತೊಳೆಯ ಪೊರೆ ಬಿಡಿಸಿ, ನಸುಗೆಂಪು ಎಸಳನ್ನು ಉಪ್ಪು ಖಾರ ಹಚ್ಚಿಕೊಂಡು ತಿನ್ನಬೇಕು. ಸೈಟಿನಲ್ಲಿ ಒಂದು ಮರಕ್ಕೆ ಜಾಗ ಬಿಟ್ಟು ಮನೆ ಕಟ್ಟುವವರು ಈಗಲೂ ಇದ್ದಾರೆ. ಅವರನ್ನು ಕಂಡರೆ ನನಗೆ ತುಂಬಾ ಗೌರವ.

ಈ ಬೆಳವಣಿಗೆ ತಡೆಯಲಾಗದ್ದು, ನಮ್ಮ ಮಾತು ನಡೆಯುವುದಿಲ್ಲ ಎಂದು ನಮ್ಮವರು ಬಹಳ ಕಾಲ ನಂಬಿದ್ದರು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ಜನ ಆ ನಂಬಿಕೆ ಮುರಿದರು. ವೈಮಾನಿಕ ಉದ್ಯಮಗಳಿಗಾಗಿ ಅವರ 1,777 ಎಕರೆ ಕೇಳಿದಾಗ ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತರು. ದ್ರಾಕ್ಷಿ, ರಾಗಿ, ರೇಷ್ಮೆ, ಹೈನು ಎಲ್ಲ ಇರುವ ಜಮೀನು ಅದು. 2025ರ ಜುಲೈ 15ರಂದು ಸ್ವಾಧೀನ ಕೈಬಿಟ್ಟಿರುವುದಾಗಿ ಮುಖ್ಯಮಂತ್ರಿಗಳೇ ಹೇಳಿದರು, ಸ್ವಇಚ್ಛೆಯಿಂದ ಕೊಡುವವರಿಗೆ ಹೆಚ್ಚಿನ ಪರಿಹಾರ, ಅಭಿವೃದ್ಧಿಪಡಿಸಿದ ನಿವೇಶನ ಎಂದೂ ಸೇರಿಸಿದರು. ಆ ದಿನ ಟಿವಿ ಮುಂದೆ ನಾನು ಅತ್ತುಬಿಟ್ಟೆ. ನಮ್ಮ ತೋಟ ಹೋದಾಗ ನಮ್ಮಪ್ಪನನ್ನು ಯಾರೂ ಕೊಡ್ತೀಯಾ ಎಂದು ಕೇಳಿರಲಿಲ್ಲ. ಇವರನ್ನು ಕೇಳಬೇಕಾಯಿತು.

ಆ ಕಡೆ ನನ್ನ ಚಿಕ್ಕಪ್ಪನ ಮಗನಿಗೆ ಜಮೀನಿದೆ. ಈಗ ಅವನು ಫೋನ್ ಮಾಡಿ, "ಅಕ್ಕ, ನೀವೇನಂತೀರಾ, ಕೊಡೋದಾ ಬೇಡ್ವಾ?" ಅನ್ನುತ್ತಾನೆ. ತೀರ್ಮಾನ ಅವನದು, ನಾನು ಬೇಡ ಅನ್ನಲಿಲ್ಲ, ಕೊಡು ಅಂತಲೂ ಅನ್ನಲಿಲ್ಲ. ಯಾವ ಕಾಗದಕ್ಕೂ ರುಜು ಹಾಕುವ ಮುಂಚೆ ನಿನ್ನ ಅಕ್ಕಂದಿರಿಬ್ಬರನ್ನೂ ಕರೆಸಿ ಕೂರಿಸಿ ಮಾತಾಡು ಅಂದೆ. ಕೊಡುವುದಾದರೂ ಬೋರ್‌ವೆಲ್ ಇರುವ ಕಡೆ ಒಂದೆರಡು ಎಕರೆ ಉಳಿಸಿಕೋ ಅಂದೆ. ತೋಟಕ್ಕೆ ಬರುವ ಕೂಲಿಯವರ ಹೆಸರು, ಎಷ್ಟು ವರ್ಷದಿಂದ ದುಡಿಯುತ್ತಿದ್ದಾರೆ ಅನ್ನುವುದನ್ನೆಲ್ಲ ಬರೆದು ನಿಮ್ಮ ಷರತ್ತುಗಳ ಜೊತೆ ಲಗತ್ತಿಸಿ ಅಂದೆ.

"ಬರೆದು ಕೊಟ್ರೆ ಅವರಿಗೂ ಕೊಡ್ತಾರಾ ಅಕ್ಕ?" ಅಂದ.

"ಕೇಳದೆ ಇದ್ರೆ ಖಂಡಿತಾ ಕೊಡಲ್ಲ. ಮೂರು ವರ್ಷ ಬಿಸಿಲಲ್ಲಿ ಕೂತವರು ನೀವು, ಇದನ್ನೂ ಕೇಳಿ" ಅಂದೆ. ಪಟ್ಟಿ ಮಾಡಲು ಬರುವ ಭಾನುವಾರ ನಾನೂ ಹೋಗುತ್ತಿದ್ದೇನೆ.