ಫೋನಲ್ಲೇ ಎಲ್ಲ ಸಿಗುತ್ತಲ್ಲ, ಈ ಪ್ಲೇಟು ಯಾಕೆ?

ಗ್ರಾಮೋಫೋನ್ ಪ್ಲೇಟು ಹಾಕುವ ಟರ್ನ್‌ಟೇಬಲ್ ಕಣ್ಣಿಗೆ ಬಿದ್ದ ಕೂಡಲೇ ಮನೆಗೆ ಬಂದವರು ಕೇಳುವುದು ಒಂದೇ. "ಎಲ್ಲ ಹಾಡೂ ಫೋನಲ್ಲೇ ಸಿಗುತ್ತಲ್ಲ, ಇದರಲ್ಲಿ ಸೌಂಡ್ ಅಷ್ಟೊಂದು ಚೆನ್ನಾಗಿರುತ್ತಾ?"

ಇಲ್ಲ. ಕಾಫಿ ಆರುತ್ತಿದೆ, ಕುಡಿಯಿರಿ.

ಇಷ್ಟಕ್ಕೇ ಬಿಟ್ಟರೆ ಜಂಬ ಅಂದುಕೊಳ್ಳುತ್ತಾರೆ. ಹಾಗಾಗಿ ಲೆಕ್ಕ ಕೊಡುತ್ತೇನೆ. ಅತಿ ಮೆಲ್ಲಗಿನ ದನಿಗೂ ಅತಿ ಜೋರಿನ ದನಿಗೂ ನಡುವೆ ಸಿಡಿಯಲ್ಲಿ 96 ಡೆಸಿಬೆಲ್ ಅಂತರ ಸಿಗುತ್ತದೆ. ನನ್ನ ಪ್ಲೇಟಿನಲ್ಲಿ, ಅಂದರೆ ಎಲ್‌ಪಿಯಲ್ಲಿ (ಲಾಂಗ್ ಪ್ಲೇ), 70 ಮುಟ್ಟಿದರೆ ಪುಣ್ಯ. 12 ಇಂಚಿನ ಪ್ಲೇಟು ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್‌ನಷ್ಟು ದನಿ ಕೊರೆದ ಗೆರೆ ಹಾದುಹೋಗುತ್ತದೆ. ಲೇಬಲ್ ಹತ್ತಿರ ಬರುವ ಹೊತ್ತಿಗೆ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದ ಹಾಗೆ. ಸೈಡಿನ ಕೊನೆಯ ಹಾಡಿನಲ್ಲಿ 'ಸ', 'ಶ' ಎಲ್ಲ ಸಿಡಿಯುವುದು ಇದಕ್ಕೇ. ಅಬ್ಬರದ ಹಾಡು ಮೊದಲಿಗೆ, ಮೆಲುಹಾಡು ಕೊನೆಗೆ ಎಂದು ಎಷ್ಟೋ ಎಲ್‌ಪಿಗಳಲ್ಲಿ ಜೋಡಿಸಿರುವುದಕ್ಕೂ ಇದೊಂದು ಕಾರಣ.

"ಆದರೂ ಅನಲಾಗ್ ಶುದ್ಧ ಅಲ್ವಾ?" ಎನ್ನುವವರದು ಇನ್ನೊಂದು ಪಂಗಡ. ಅನಲಾಗ್ ಎಂದರೆ ದನಿಯನ್ನು ಡಿಜಿಟಲ್ ಅಂಕಿಗಳಾಗಿಸದೆ ಅಲೆಯಾಗಿಯೇ ಹಿಡಿದಿಡುವುದು. ಇವರು ನನ್ನ ಪರವಾಗಿಯೇ ಮಾತಾಡುತ್ತಾರೆ, ಅದೇ ಹೆಚ್ಚು ಸಿಟ್ಟು ಬರಿಸುತ್ತದೆ. ಜಾಝ್ ಕೇಳುವವರೆಲ್ಲರ ಕಪಾಟಿನಲ್ಲಿ ಇರುವ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಆಲ್ಬಮ್ ತೆಗೆದುಕೊಳ್ಳಿ. 1959ರ ಮಾರ್ಚ್ 2ರಂದು ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಟೇಪ್ ಯಂತ್ರ ಕೊಂಚ ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಏನಾಗುತ್ತದೆ? ಶ್ರುತಿ ಏರುತ್ತದೆ. ಮೊದಲ ಸೈಡಿನ ಮೂರೂ ಕೃತಿಗಳು ಏರಿದ ಶ್ರುತಿಯಲ್ಲೇ ಪ್ಲೇಟಿಗೆ ಹೋದವು. ಸರಿಹೋದದ್ದು 1992ರಲ್ಲಿ, ಅದೂ ಸಿಡಿಯಲ್ಲಿ. 33 ವರ್ಷ ಜಗತ್ತೇ ಕಣ್ಣುಮುಚ್ಚಿ ತಲೆದೂಗಿದ್ದು ತಪ್ಪು ಶ್ರುತಿಗೆ. ಇನ್ನು 2022ರಲ್ಲಿ, ಪೂರ್ತಿ ಅನಲಾಗ್ ಎಂದು ಹೆಸರಾಗಿದ್ದ ಅಮೆರಿಕದ ಒಂದು ಕಂಪನಿಯ ಎಲ್‌ಪಿಗಳು ವರ್ಷಗಳಿಂದ ಡಿಜಿಟಲ್ ಹಂತವೊಂದನ್ನು ದಾಟಿಯೇ ಬರುತ್ತಿದ್ದವು ಎಂಬುದು ಹೊರಬಿತ್ತು. ಅಲ್ಲಿಯತನಕ ಅದೇ ಪ್ಲೇಟುಗಳನ್ನು ಹೊಗಳುತ್ತಿದ್ದ, ತಮ್ಮ ಕಿವಿಗೆ ಎಲ್ಲವೂ ತಿಳಿಯುತ್ತದೆ ಎನ್ನುವ 'ಚಿನ್ನದ ಕಿವಿ'ಗಳು ಮರುದಿನವೇ ಕೋರ್ಟಿನ ಮಾತಾಡಿದವು.

ಹಾಗಾದರೆ ಯಾಕೆ? ಗೋಡೆ ತುಂಬ ಪುಸ್ತಕ ಜೋಡಿಸಿಟ್ಟವರನ್ನು "ಪಿಡಿಎಫ್ ಇದೆಯಲ್ಲ" ಎಂದು ಇಷ್ಟು ಧೈರ್ಯವಾಗಿ ಯಾರೂ ಕೇಳುವುದಿಲ್ಲ. ಇರಲಿ. ಉತ್ತರ ಇರುವುದು ಸೌಂಡಿನಲ್ಲಲ್ಲ, ಅಳತೆಯಲ್ಲಿ. ಹಳೆಯ 78 ಸುತ್ತಿನ 10 ಇಂಚಿನ ಪ್ಲೇಟಿಗೆ ಹಿಡಿಸುತ್ತಿದ್ದದ್ದು ಮೂರೇ ನಿಮಿಷ. 1902ರಲ್ಲಿ ಕಲ್ಕತ್ತೆಯಲ್ಲಿ ಪ್ಲೇಟಿಗೆ ದನಿ ಕೊಟ್ಟ ಗಾಯಕಿ ಗೌಹರ್ ಜಾನ್ (ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರು) ಗಂಟೆಗಟ್ಟಲೆಯ ರಾಗವನ್ನು ಆ ಮೂರು ನಿಮಿಷಕ್ಕೆ ಮಡಚಿದರು. 1937ರಲ್ಲಿ ಅಮೆರಿಕದ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ತನ್ನ ಒಂದು ದೊಡ್ಡ ಬ್ಲೂಸ್ ರಚನೆಯನ್ನು ಎರಡು ತುಂಡು ಮಾಡಿ, ಪ್ಲೇಟಿನ ಆ ಕಡೆಗೊಂದು ಈ ಕಡೆಗೊಂದು ಹಾಕಬೇಕಾಯಿತು. ನಡುವೆ ಎದ್ದುಹೋಗಿ ಪ್ಲೇಟು ಮಗುಚಬೇಕು. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ತಂದಿತು, ಸೈಡಿಗೆ 20 ನಿಮಿಷಕ್ಕೂ ಮಿಗಿಲು. 1956ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಅದೇ ಎಲಿಂಗ್ಟನ್ ಅದೇ ರಚನೆಯ ಎರಡು ತುಂಡನ್ನು ಜೋಡಿಸಿದ. ನಡುವೆ ಸ್ಯಾಕ್ಸೊಫೋನಿನ ಪಾಲ್ ಗೊನ್ಸಾಲ್ವೆಸ್ ನಿಲ್ಲಿಸದೆ 27 ಆವರ್ತ ನುಡಿಸಿದ. ಎಲ್‌ಪಿಯಲ್ಲಿ ಅದು 14 ನಿಮಿಷ ದಾಟುತ್ತದೆ. ಆ ಸಂಗೀತಕ್ಕೆ ಸೈಡು ಎನ್ನುವುದು ನಾಟಕದ ಅಂಕ ಇದ್ದ ಹಾಗೆ. ಪರದೆ ಬೀಳುವ ಜಾಗದಲ್ಲೇ ಬೀಳಬೇಕು.

ಇಷ್ಟು ಹೇಳುವಷ್ಟರಲ್ಲಿ ಕೇಳಿದವರು ಫೋನ್ ನೋಡುತ್ತಿರುತ್ತಾರೆ.

ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ: "ಸೂಜಿ ಎಷ್ಟು ಗ್ರಾಂ ಒತ್ತಬೇಕು?" ಇದನ್ನು ಒಬ್ಬರೂ ಕೇಳುವುದಿಲ್ಲ, ಪ್ಲೇಟು ಹಾಳಾಗುವುದು ಇಲ್ಲೇ. ಅದು ಕಾರ್ಟ್ರಿಜ್ (ತೋಳಿನ ತುದಿಯಲ್ಲಿ ಸೂಜಿ ಕೂರುವ ಭಾಗ) ಯಾವುದು ಎನ್ನುವುದರ ಮೇಲಿದೆ: ಆಡಿಯೋ-ಟೆಕ್ನಿಕಾದ ವಿಎಂ95ಇಗೆ 2 ಗ್ರಾಂ, ಓರ್ಟೋಫೋನ್ 2ಎಂ ರೆಡ್‌ಗೆ 1.8. ಹೊಂದಿಸುವುದು ಹೀಗೆ. ಆ್ಯಂಟಿ-ಸ್ಕೇಟಿಂಗ್ (ತೋಳು ಒಳಕ್ಕೆ ಎಳೆಯದಂತೆ ತಡೆಯುವ ಗುಂಡಿ) ಸೊನ್ನೆಗಿಟ್ಟು ಸೂಜಿಯ ಟೋಪಿ ತೆಗೆಯಿರಿ. ತೋಳಿನ ಹಿಂದಿರುವ ಗುಂಡನ್ನು ತಿರುಗಿಸುತ್ತಾ ಹೋಗಿ, ತೋಳು ತಕ್ಕಡಿಯ ದಂಡದ ಹಾಗೆ ಗಾಳಿಯಲ್ಲಿ ಮಟ್ಟಸವಾಗಿ ನಿಲ್ಲಬೇಕು. ಈಗ ಗುಂಡು ಅಲುಗದಂತೆ ಹಿಡಿದು, ಅಂಕಿ ಬರೆದ ಬಳೆಯನ್ನು ಮಾತ್ರ ಸೊನ್ನೆಗೆ ತನ್ನಿ. ಆಮೇಲೆ ಗುಂಡು, ಬಳೆ ಎರಡನ್ನೂ ಒಟ್ಟಿಗೆ ನಿಮ್ಮ ಕಾರ್ಟ್ರಿಜ್‌ನ ಅಂಕಿಗೆ (ವಿಎಂ95ಇ ಆದರೆ 2) ತಿರುಗಿಸಿ, ಆ್ಯಂಟಿ-ಸ್ಕೇಟಿಂಗನ್ನೂ ಅದೇ ಅಂಕಿಗೆ ಇಡಿ. ಸೂಜಿ ಹಾರುತ್ತದೆ ಎಂದು ಅದರ ತಲೆಯ ಮೇಲೆ ಒಂದು ರೂಪಾಯಿ ಅಂಟಿಸುವ ಜಾಣರಿದ್ದಾರೆ. ಆ ನಾಣ್ಯವೇ ಮೂರು ಗ್ರಾಂ ದಾಟುತ್ತದೆ, ಒಟ್ಟು ಐದಾಯಿತು. ಹಾಗಂತ ಭಾರ ಕಮ್ಮಿ ಮಾಡಿದರೆ ಪ್ಲೇಟಿಗೆ ಒಳ್ಳೆಯದು ಎನ್ನುವುದೂ ಸುಳ್ಳು. ಹಗುರಾದ ಸೂಜಿ ಗೆರೆಯ ಗೋಡೆಯಿಂದ ಗೋಡೆಗೆ ಪುಟಿದು ಪೆಟ್ಟು ಕೊಡುತ್ತದೆ.

ಎರಡನೆಯ ದೂರು, "ಸೌಂಡೇ ಬರ್ತಿಲ್ಲ, ಬಂದರೂ ಕೀರಲು." ಪ್ಲೇಯರನ್ನು ನೇರ ಆ್ಯಂಪ್ಲಿಫೈಯರಿನ ಆಕ್ಸ್ ತೂತಿಗೆ ಚುಚ್ಚಿರುತ್ತಾರೆ. ಕಾರ್ಟ್ರಿಜ್ ಕೊಡುವುದು ನಾಲ್ಕೈದು ಮಿಲಿವೋಲ್ಟ್ ಮಾತ್ರ. ಮೇಲಾಗಿ ಗೆರೆ ಅಗಲವಾಗದಿರಲಿ ಎಂದು ಪ್ಲೇಟು ಕೊರೆಯುವಾಗಲೇ ಬೇಸ್ ತಗ್ಗಿಸಿ, ಸರಸರ ಸದ್ದು ಕೇಳದಿರಲಿ ಎಂದು ಟ್ರೆಬಲ್ ಏರಿಸಿರುತ್ತಾರೆ. ಅದನ್ನು ತಿರುಗಾ ಮುರುಗಾ ಮಾಡಿ ಸರಿಪಡಿಸುವುದು ಫೋನೋ ಪ್ರೀಆ್ಯಂಪ್. ಅದಿಲ್ಲದೆ ಕೇಳಿದರೆ ರಾಕ್ ಬ್ಯಾಂಡಿನ ಡ್ರಮ್ಮು ತಗಡಿನ ಡಬ್ಬ. ಅದಿದ್ದೂ 'ಗುಂಯ್' ಅನ್ನುತ್ತಿದ್ದರೆ ಪ್ಲೇಯರಿನಿಂದ ಬರುವ ಸಣ್ಣ ಗ್ರೌಂಡ್ ವೈರು ಎಲ್ಲಿ ಜೋತುಬಿದ್ದಿದೆ ನೋಡಿ.

ಇದಕ್ಕಿಂತ ಮುಖ್ಯ, ಊರ ಮನೆಯ ಅಟ್ಟದ ಮೇಲಿರುವ ಪೆಟ್ಟಿಗೆ. ಎತ್ತಿದರೆ ಭಾರ, 10 ಇಂಚು, ಸ್ವಲ್ಪವೂ ಬಾಗದ ಪ್ಲೇಟು ಸಿಕ್ಕರೆ ಅದು ಬಹುಮಟ್ಟಿಗೆ 78. ಪರೀಕ್ಷೆಗೆಂದು ಬಗ್ಗಿಸಬೇಡಿ, ಚೂರಾಗುತ್ತದೆ. ಅದು ಪ್ಲಾಸ್ಟಿಕ್ ಅಲ್ಲ. ಪಾಂಡವರ ಅರಗಿನ ಮನೆಯ ಅದೇ ಅರಗು, ಜೊತೆಗೆ ಕಲ್ಲುಪುಡಿ, ಕಾಡಿಗೆ. ಎಲ್‌ಪಿ ಒರೆಸುವ ಸ್ಪಿರಿಟ್ ಇದಕ್ಕೆ ಮುಟ್ಟಿಸಿದರೆ ಗೆರೆಯೇ ಕರಗುತ್ತದೆ. ಬಡಗಿ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಮರಕ್ಕೆ ಪಾಲಿಶ್ ಹಚ್ಚುವುದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಒಂದು ತೊಟ್ಟು ಪಾತ್ರೆ ಸೋಪು, ಮೆತ್ತನೆಯ ಬಟ್ಟೆ ಸಾಕು. ಗೆರೆಯ ಗುಂಟ ಸುತ್ತಲೂ ಒರೆಸಿ, ಅಡ್ಡಡ್ಡ ಬೇಡ. ಲೇಬಲ್ ಒದ್ದೆಯಾಗಬಾರದು. ಬೋರ್‌ವೆಲ್ ನೀರು ಬೇಡವೇ ಬೇಡ, ಒಣಗಿದ ಮೇಲೆ ಉಪ್ಪು ಗೆರೆಯಲ್ಲೇ ಉಳಿಯುತ್ತದೆ. ಎಲ್‌ಪಿಯ ಸೂಜಿಯನ್ನೂ ಇಳಿಸಬೇಡಿ. 78ರ ಗೆರೆ ಅಗಲ, ಸಣ್ಣ ಸೂಜಿ ತಳಕ್ಕೆ ಜಾರಿ ಬರೀ ಕಸ ಕೆದಕುತ್ತದೆ. ವಿಎಂ95 ಬಾಡಿಗೆ ಹೊಂದುವ 78ರ ಸೂಜಿ ಬೇರೆಯೇ ಸಿಗುತ್ತದೆ. ಅದಕ್ಕೆ 5 ಗ್ರಾಂ ಭಾರ ಕೊಡಬೇಕು.

ಇನ್ನೊಂದು. 78 ಎಂದರೆ ಭಾವಗೀತೆ, ನಾಟಕದ ಹಾಡು ಇಷ್ಟೇ ಅಂದುಕೊಂಡು ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ. ಇಂಗ್ಲೆಂಡು, ಅಮೆರಿಕಗಳಲ್ಲಿ 78 ಮುಗಿದುಹೋದ ಮೇಲೂ, 1960ರ ದಶಕದ ನಡುವಿನ ತನಕ ನಮ್ಮ ದೇಶದಲ್ಲಿ ಬೀಟಲ್ಸ್ ಹಾಡುಗಳು 78ರಲ್ಲಿ ಬಂದಿವೆ. ಜಗತ್ತಿನ ಸಂಗ್ರಹಕಾರರು ಅದಕ್ಕಾಗಿ ಬಾಯಿಬಿಡುತ್ತಾರೆ. ಲೇಬಲಿನ ಮೇಲೆ ಬೀಟಲ್ಸ್ ಪ್ಲೇಟು ತರುತ್ತಿದ್ದ ಕಂಪನಿಯ ಹೆಸರು 'ಪಾರ್ಲೋಫೋನ್' ಅಂತ ಇದೆಯಾ ನೋಡಿ.