ಎಡಿಸಿ 1.61 ಸರಿ, ಅಳೆದದ್ದು ಎಲ್ಲಿ?

ಒಬ್ಬ ರೋಗಿಯ ಸ್ತನದ ಎಂಆರ್‌ಐ. ಸ್ಕ್ಯಾನ್ ಒಂದೇ, ಗಂಟೂ ಒಂದೇ. ನನ್ನ ರಿಪೋರ್ಟ್‌ನಲ್ಲಿ ಎಡಿಸಿ (ಅಂಗಾಂಶದೊಳಗೆ ನೀರಿನ ಕಣಗಳು ಎಷ್ಟು ಸಲೀಸಾಗಿ ಓಡಾಡುತ್ತವೆ ಎನ್ನುವ ಅಳತೆ; ಕಡಿಮೆ ಇದ್ದಷ್ಟೂ ಕ್ಯಾನ್ಸರ್ ಅನುಮಾನ ಹೆಚ್ಚು) 0.94. ಮನೆಯವರು ಬೇರೆ ಕಡೆ ತೋರಿಸಿ ತಂದ ಸೆಕೆಂಡ್ ಒಪಿನಿಯನ್‌ನಲ್ಲಿ 1.61. ಟ್ಯೂಮರ್ ಬೋರ್ಡ್‌ನಲ್ಲಿ (ಕ್ಯಾನ್ಸರ್ ವೈದ್ಯರು ಕೂಡಿ ಚರ್ಚಿಸುವ ಸಭೆ) ಸರ್ಜನ್ ಎರಡೂ ಹಾಳೆ ಮುಂದಿಟ್ಟರು. "ಮೇಡಂ, ಬಯಾಪ್ಸಿ ಬೇಡ ಅಲ್ವಾ ಅಂತ ಮಗಳು ಕೇಳ್ತಿದ್ದಾಳೆ. ಏನು ಹೇಳಲಿ?"

ಅಮೆರಿಕದ ಎ6702 ಟ್ರಯಲ್‌ನಿಂದ ಬಂದ 1.53 ಕಟ್‌ಆಫ್ (ಎಡಿಸಿ ಇದಕ್ಕಿಂತ ಹೆಚ್ಚಿದ್ದರೆ ಬಯಾಪ್ಸಿ ಬಿಡಬಹುದು ಎನ್ನುವ ಗೆರೆ) ನಮಗೆಲ್ಲ ಬಾಯಿಪಾಠ. ಆ ಗೆರೆ ಹಿಡಿದಿದ್ದರೆ, ಒಂದೂ ಕ್ಯಾನ್ಸರ್ ತಪ್ಪದೆ, ಅಲ್ಲಿನ ಬಯಾಪ್ಸಿಗಳಲ್ಲಿ 20.9% ಕಡಿಮೆ ಆಗುತ್ತಿತ್ತು. 1.61 ಆ ಗೆರೆಯ ಮೇಲಿದೆ. ಮಗಳಿಗೆ ಆಸೆ ಹುಟ್ಟಿದ್ದು ಸಹಜವೇ.

ಸ್ಕ್ಯಾನ್ ಚಿತ್ರ ತೋರಿಸುವ ಪ್ಯಾಕ್ಸ್ ಎಂದಿನ ಹಾಗೆ ತಡವಾಗಿ ತೆರೆದುಕೊಂಡಿತು. ಎಲ್ಲರ ಕಣ್ಣೂ ಪರದೆ ಮೇಲೆ. ನನಗಂತೂ ಎದೆ ಡವಡವ. ನೀರಿನ ಓಡಾಟ ಹಿಡಿಯುವ ಚಿತ್ರದಲ್ಲಿ (ಬಿ ವ್ಯಾಲ್ಯೂ 800) ಗಂಟಿನ ಅಂಚು ಉಂಗುರದ ಹಾಗೆ ಬೆಳಗುತ್ತಿತ್ತು, ನಡುವೆ ಮಂಕು. ಎಡಿಸಿ ಮ್ಯಾಪ್‌ನಲ್ಲಿ ಅದೇ ಅಂಚು ಕಪ್ಪು (ಎಡಿಸಿ ಕಡಿಮೆ), ನಡುವೆ ಬಿಳಿ. ನೀರು ಬೆಳ್ಳಗೆ ಕಾಣುವ ಟಿ2 ಚಿತ್ರ ನೋಡಿದರೆ ನಡುವೆ ನೀರು ತುಂಬಿದಂತೆ ಹೊಳಪು. ಕಾಂಟ್ರಾಸ್ಟ್ ಕೊಟ್ಟ ಮೇಲೂ ಬೆಳಗಿದ್ದು ಅಂಚು ಮಾತ್ರ. ನಡುವಿನದು ನೆಕ್ರೋಸಿಸ್, ಅಂದರೆ ಸತ್ತ ಅಂಗಾಂಶ.

ಸೆಕೆಂಡ್ ಒಪಿನಿಯನ್‌ನವರ ಪ್ರಿಂಟ್‌ನಲ್ಲಿ ಆರ್‌ಒಐ (ಅಳೆಯುವ ಜಾಗಕ್ಕೆ ಹಾಕುವ ಗುರುತು) ಇಡೀ ಗಂಟನ್ನು ಸುತ್ತಿತ್ತು. ಗಟ್ಟಿ ಮೊಸರಿಗೆ ನೀರು ಸುರಿದು ಎಷ್ಟು ಗಟ್ಟಿ ಇದೆ ಅಂತ ನೋಡಿದ ಹಾಗೆ. ನಾನು ಇಟ್ಟದ್ದು ಅಂಚಿನ ಅತಿ ಕಪ್ಪು ಜಾಗದಲ್ಲಿ, ಚಿಕ್ಕದಾಗಿ, ಕಾಂಟ್ರಾಸ್ಟ್ ಚಿತ್ರ ಪಕ್ಕದಲ್ಲಿಟ್ಟುಕೊಂಡು. ಕೊಬ್ಬು, ಸಿಸ್ಟ್, ನೆಕ್ರೋಸಿಸ್ ಬಿಟ್ಟು ಹೀಗೇ ಅಳೆಯಿರಿ ಅಂತ ಯುರೋಪಿನ ಸ್ತನ ಇಮೇಜಿಂಗ್ ಸಂಘ ಯೂಸೋಬಿ ಕೂಡ ಹೇಳುತ್ತದೆ. ಒಂದು ಕಡೆಯ ಕಟ್‌ಆಫ್ ತಂದು ಇನ್ನೊಂದು ರೀತಿಯ ಅಳತೆಗೆ ಹಚ್ಚುವುದು ಅಪಾಯ.

ಇನ್ನೂ ದೊಡ್ಡ ಮಾತು: ಹಾಗೆ ಅಂಚು ಬೆಳಗುವ ಗಂಟಿಗೆ ಎಡಿಸಿ ಎಷ್ಟೇ ಬರಲಿ, ಬಯಾಪ್ಸಿ ಬೇಕೇ ಬೇಕು. ಲೋಳೆ ತುಂಬಿದ ಮ್ಯುಸಿನಸ್ ಕ್ಯಾನ್ಸರ್‌ನಲ್ಲಿ ಸರಿಯಾಗಿ ಅಳೆದರೂ ಎಡಿಸಿ ಜಾಸ್ತಿಯೇ ಬರುತ್ತದೆ. ಕೊಬ್ಬಿನ ಸಿಗ್ನಲ್ ಅಡಗಿಸುವ ಫ್ಯಾಟ್ ಸಪ್ರೆಷನ್ ಕೈಕೊಟ್ಟರೆ ಎಡಿಸಿ ಸುಮ್ನೆ ಕೆಳಗಿಳಿಯುತ್ತದೆ. ಒಂದು ಅಂಕಿ ನೋಡಿ ಸೂಜಿ ಕೆಳಗಿಡಬೇಡಿ.

ಮಗಳನ್ನು ಒಳಗೆ ಕರೆಸಿ ಆ ಕಪ್ಪು ಉಂಗುರ ತೋರಿಸಿದೆ. ಎರಡು ನಿಮಿಷ ನೋಡಿ, "ಆಯ್ತು ಮೇಡಂ, ಮಾಡಿಸಿ" ಅಂದಳು. ಕೋರ್ ಬಯಾಪ್ಸಿಯಲ್ಲಿ ಗ್ರೇಡ್ 3 ಡಕ್ಟಲ್ ಕ್ಯಾನ್ಸರ್ ಬಂತು. ಕೀಮೋ ಬೇಗ ಶುರುವಾಯಿತು.

ಕೋಪ ಬರುವುದು ನಮ್ಮ ವರ್ಕ್‌ಸ್ಟೇಷನ್ ಮೇಲೆ. ಅಂಕಿ ತಾನೇ ರಿಪೋರ್ಟ್‌ಗೆ ಹೋಗುತ್ತದೆ, ಆರ್‌ಒಐ ಚಿತ್ರ ಹೋಗುವುದಿಲ್ಲ. ಮ್ಯಾನೇಜ್‌ಮೆಂಟ್‌ಗೆ ಒಂದೊಂದು ಸ್ಕ್ಯಾನ್‌ನ ಸಮಯ ಕಡಿಮೆ ಮಾಡುವುದರಲ್ಲೇ ಆಸಕ್ತಿ. ಶಿಮ್, ಅಂದರೆ ಕಾಂತಕ್ಷೇತ್ರದ ಹೊಂದಾಣಿಕೆ, ಸರಿ ಮಾಡಲು ಟೆಕ್ನಿಷಿಯನ್‌ಗೆ ಪುರುಸೊತ್ತು ಎಲ್ಲಿಂದ ಬರಬೇಕು? ಈಗ ಬಿ ವ್ಯಾಲ್ಯೂ, ಆರ್‌ಒಐ ಇಟ್ಟ ಜಾಗ, ಅದರ ಚಿತ್ರ ಮೂರನ್ನೂ ನಾನೇ ಕೈಯಾರೆ ಸೇರಿಸುತ್ತಿದ್ದೇನೆ. ಸೆಕೆಂಡ್ ಒಪಿನಿಯನ್ ಕೊಡುವವರೂ ದಯವಿಟ್ಟು ಅಷ್ಟು ಮಾಡಿ.