‘ನಾಡು’ ‘ನಡು’ ಆಗದಂತೆ ರಾಕ್ ಹಾಡುವುದು

ಬ್ಯಾಂಡ್ ಇಲ್ಲದೆ, ಗಿಟಾರ್ ಹಿಡಿದು ಒಬ್ಬರೇ ನಿಂತು ದೇಶಭಕ್ತಿಯ ರಾಕ್ ಹಾಡಿ ಬದುಕು ಕಟ್ಟಿಕೊಳ್ಳಲು ಹೊರಟವರಿಗೆ ಮಂಗಳೂರು, ಉಡುಪಿಯಲ್ಲಿ ಮೊದಲು ಅಡ್ಡ ಬರುವುದು ಕ್ಯಾಲೆಂಡರ್. ಆಗಸ್ಟ್ 15, ನವೆಂಬರ್ 1, ಜನವರಿ 26. ಎಲ್ಲರ ಫೋನೂ ಈ ಮೂರು ದಿನಕ್ಕೇ. ದಿನಕ್ಕೆ ಎರಡಕ್ಕಿಂತ ಹೆಚ್ಚು ವೇದಿಕೆ ಒಪ್ಪಿಕೊಂಡರೆ ಸಂಜೆಯ ಹೊತ್ತಿಗೆ ಗಂಟಲು ಉಳಿಯುವುದಿಲ್ಲ. ಹಾಗಾಗಿ ಹೊಟ್ಟೆಪಾಡು ನಡೆಯಬೇಕಾದದ್ದು ಉಳಿದ ದಿನಗಳಲ್ಲಿ: ಕಾಲೇಜು ಡೇ, ಯುವಕ ಮಂಡಲದ ವಾರ್ಷಿಕೋತ್ಸವ, ಗಣೇಶೋತ್ಸವ, ಮಲ್ಪೆ ಪಣಂಬೂರಿನ ಕಡಲ ಬದಿಯ ವೇದಿಕೆ. ಅಲ್ಲಿ ಜನ ಬಾವುಟ ಹಿಡಿದು ಬಂದಿರುವುದಿಲ್ಲ. ‘ಜೈ’ ಎಂದ ಮಾತ್ರಕ್ಕೆ ಚಪ್ಪಾಳೆ ಬೀಳುವುದಿಲ್ಲ. ಹಾಡಿನ ಮಾತು ಕೊನೆಯ ಸಾಲಿನ ಕುರ್ಚಿಗೂ ಮುಟ್ಟಬೇಕು.

ಹೆಚ್ಚಿನವರು ಸೋಲುವುದು ಇಲ್ಲೇ. ಕನ್ನಡದಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. ಡ್ರಮ್ ಬೀಟಿನ ಓಟಕ್ಕೆ ‘ನಾಡು’ ಚಿಕ್ಕದಾದರೆ ‘ನಡು’ ಆಗುತ್ತದೆ, ತಾಯ್ನಾಡನ್ನು ಕರೆಯಲು ಹೋಗಿ ಸೊಂಟವನ್ನು ಕರೆದಂತೆ. ಎತ್ತರದ ಸ್ವರದಲ್ಲಿ ‘ನಿನ್ನ ಬಲ’ವನ್ನು ಎಳೆದರೆ ‘ನಿನ್ನ ಬಾಲ’. ಮುಂದಿನ ಸಾಲಿನ ಮಕ್ಕಳು ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಮದ್ದು ಹೈಸ್ಕೂಲಿನ ಪ್ರಸ್ತಾರದಲ್ಲೇ ಇದೆ. ರಾಗ ಕಟ್ಟುವ ಮೊದಲು ಸಾಲಿನ ಕೆಳಗೆ ಲಘು ಗುರು ಹಾಕಿ ಮಾತ್ರೆ ಎಣಿಸಿ. ಮಂಜೇಶ್ವರದ ಗೋವಿಂದ ಪೈಗಳ ‘ತಾಯೆ ಬಾರ’ ತೆಗೆದುಕೊಳ್ಳಿ: ತಾಯೆ ಮೂರು, ಬಾರ ಮೂರು, ಮುಂದೆಯೂ ಮೂರು ಮೂರರ ನಡೆ. ಇದನ್ನು ನೇರ 4/4, ಅಂದರೆ ನಾಲ್ಕರ ಎಣಿಕೆಯ ರಾಕ್‌ಗೆ ತುರುಕಿದರೆ ಪ್ರತಿ ಪದದ ಬಾಲದಲ್ಲಿ ಒಂದು ಮಾತ್ರೆ ಮಿಕ್ಕುತ್ತದೆ. ಅದನ್ನು ತುಂಬಲು ಹಾಡುಗಾರ ಹ್ರಸ್ವವನ್ನು ಎಳೆಯುತ್ತಾನೆ. 6/8ರಲ್ಲಿ, ಅಂದರೆ ಮೂರು ಮೂರರ ಎಣಿಕೆಯಲ್ಲಿ ಇಟ್ಟರೆ ಯಾವುದನ್ನೂ ಎಳೆಯಬೇಕಿಲ್ಲ. ಮೆಟ್ರೊನೋಮ್ (ಟಿಕ್ ಟಿಕ್ ಎಂದು ತಾಳ ಎಣಿಸುವ ಯಂತ್ರ) ನಿಮಿಷಕ್ಕೆ 80 ಬೀಟ್, ಒಂದು ಬೀಟಿಗೆ ಮೂರು ಮಾತ್ರೆ, ನಾಲ್ಕು ಗಣದ ಸಾಲಿಗೆ ಸರಿಯಾಗಿ 3 ಸೆಕೆಂಡ್. ನಾಲ್ಕು ಮಾತ್ರೆಯ ಗಣಗಳ ಪದ್ಯ ಸಿಕ್ಕಿದರೆ ಮಾತ್ರ ನೇರ ರಾಕ್ ಬೀಟ್ ಹಾಕಿ. ಭಾಮಿನಿ ಷಟ್ಪದಿಯ ಮೂರು ನಾಲ್ಕರ ನಡೆ ಯಕ್ಷಗಾನ ಕೇಳಿ ಬೆಳೆದ ಕಿವಿಗೆ ಚಂದವೇ, ಆದರೆ ಏಳರ ಲೆಕ್ಕಕ್ಕೆ ಸಭೆ ಚಪ್ಪಾಳೆ ಹಿಡಿಯಲಾರದು, ಎರಡನೇ ಸಾಲಿಗೇ ತಾಳ ಚದುರುತ್ತದೆ. ಅದನ್ನು ಆರಂಭದ ಆಲಾಪಕ್ಕೆ ಇಟ್ಟುಕೊಳ್ಳಿ ಸಾಕು.

ಒಬ್ಬರೇ ಇರುವಾಗ ಡ್ರಮ್ಮರ್ ಎಂದರೆ ಲೂಪ್ ಪೆಡಲ್ ಅಥವಾ ಲೂಪರ್, ನುಡಿಸಿದ್ದನ್ನು ಹಿಡಿದಿಟ್ಟು ಸುತ್ತಿ ಸುತ್ತಿ ಕೇಳಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ. ಗಿಟಾರಿನ ಮೈಗೆ ಅಂಗೈ ಬಡಿದು ಮೊದಲ ಪದರ, ಅದರ ಮೇಲೆ ಬೆರಳ ಗೆಣ್ಣಿನಿಂದ ಹುಲಿವೇಷದ ತಾಸೆ ಪೆಟ್ಟು, ಮೂರನೆಯದು ತಂತಿಯ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ). ಅಲ್ಲಿಗೆ ನಿಲ್ಲಿಸಿ. ನಾಲ್ಕನೇ ಪದರ ಬಂದರೆ ಕೆಳಸ್ವರಗಳು ಒಂದರ ಮೇಲೊಂದು ಬಿದ್ದು ಮಾತು ಮುಳುಗುತ್ತದೆ. ಮೈಕಿನ ಚಾನೆಲ್‌ನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಗಿಟಾರಿನ ಸದ್ದನ್ನು ಒರಟು ಮಾಡುವ ಓವರ್‌ಡ್ರೈವ್ ಪೆಡಲ್ ಯಾವಾಗಲೂ ಲೂಪರ್‌ಗಿಂತ ಮುಂಚೆ ಇರಬೇಕು. ನಂತರ ಇಟ್ಟರೆ ಮೂರೂ ಪದರ ಒಟ್ಟಿಗೆ ಒಡೆದು ಗಂಜಿಯಾಗುತ್ತದೆ. ಲೂಪ್ ಪೆಡಲನ್ನು ಸಾಲು ಮುಗಿದ ಮೇಲೆ ಒತ್ತುವುದಲ್ಲ, ಮುಂದಿನ ಒಂದನೇ ಬೀಟಿನ ಮೇಲೆಯೇ ಒತ್ತುವುದು. ಕಾಲು ಸ್ವಲ್ಪ ತಡವಾದರೂ ಲೂಪ್ ಪ್ರತಿ ಸುತ್ತಿನಲ್ಲೂ ಕುಂಟುತ್ತದೆ, ಹಾಡು ಮುಗಿಯುವವರೆಗೂ ಅದೇ ಕುಂಟು. ದಪ್ಪ ಅಡಿಯ ಶೂ ಬೇಡ, ಬರಿಗಾಲು ಉತ್ತಮ. ಒದ್ದೆ ಸ್ಟೇಜಿನಲ್ಲಿ ಬರಿಗಾಲು ಮಾತ್ರ ಖಂಡಿತ ಬೇಡ.

ಮೈಕಿನ ಬಲೆಯ ಭಾಗವನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವುದು ರಾಕ್ ಹಾಡುಗಾರರ ಚಟ. ಶೂರ್ ಎಸ್‌ಎಂ 58ರಂಥ ಮೈಕು ಹಿಂದಿನಿಂದ ಬರುವ ಸದ್ದನ್ನು ತಡೆಯುವುದೇ ಬಲೆಯ ಒಳಗಿನ ಹಿಂಬದಿ ರಂಧ್ರಗಳಿಂದ. ಅವನ್ನು ಮುಚ್ಚಿದರೆ ಮಾನಿಟರ್‌ನ (ಹಾಡುಗಾರನಿಗೇ ಕೇಳಲೆಂದು ಸ್ಟೇಜಿನಲ್ಲಿಟ್ಟ ಸ್ಪೀಕರಿನ) ಸದ್ದು ಒಳನುಗ್ಗಿ ಕೂಗುತ್ತದೆ, ಮಾತೂ ಮಂಕಾಗುತ್ತದೆ. ಹಿಡಿ ಕೆಳಗಿರಲಿ, ಮಾನಿಟರ್ ಮೈಕಿನ ನೇರ ಬೆನ್ನಿಗಿರಲಿ. ಕಡಲ ಬದಿಯಲ್ಲಿ ಗಾಳಿಗೆ ಫೋಮ್ ಟೋಪಿ ಹಾಕಿ.

ಆಗಸ್ಟ್ ಎಂದರೆ ಇಲ್ಲಿ ಮಳೆ, ಮಾರಾಯ್ರೆ. ಶಾಮಿಯಾನದ ಮಡಿಲಲ್ಲಿ ನಿಂತ ನೀರು ಎಲ್ಲಿ ಸುರಿಯುತ್ತದೆಂದು ಮೊದಲೇ ನೋಡಿಟ್ಟುಕೊಳ್ಳಿ. ಗಿಟಾರ್ ಒಂದು ಕಡೆಯ ಪ್ಲಗ್ಗಿಗೆ, ಸೌಂಡಿನವರ ಮಿಕ್ಸರ್ ಇನ್ನೊಂದು ಕಡೆಯ ಪ್ಲಗ್ಗಿಗೆ ಹೋಗಿ, ಒಂದರ ಅರ್ಥಿಂಗ್ ಕೆಟ್ಟಿದ್ದರೆ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದ ಕ್ಷಣಕ್ಕೆ ಶಾಕ್. ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೇಳಿ, ಆ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್) ಇರಲಿ. ಗುಂಯ್ ಎನ್ನುವ ಸದ್ದು ಬಂದರೆ ಗಿಟಾರನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಬೇಕೇ ಹೊರತು ಪ್ಲಗ್ಗಿನ ಅರ್ಥ್ ಪಿನ್ ಮುರಿಯಬಾರದು. ಮುರಿದುಕೊಡುವವರು ಇದ್ದಾರೆ, ಅದೂ ಬಹಳ ಆತ್ಮವಿಶ್ವಾಸದಿಂದ! ಉಪ್ಪುಗಾಳಿಗೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಲೇಪನವಿರುವ ತಂತಿ ಹಾಕಿ, ಪ್ರತಿ ಸಲ ಒರೆಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ.

ರಾಷ್ಟ್ರಗೀತೆಯನ್ನು ರಾಕ್ ಮಾಡಲು ಹೋಗಬೇಡಿ. ಅದು ಸುಮಾರು 52 ಸೆಕೆಂಡ್, ಅದರದೇ ಧಾಟಿಯಲ್ಲಿ. ಲೂಪರ್ ಮ್ಯೂಟ್ ಮಾಡಿದರೆ ಸಾಲದು, ಸ್ವಿಚ್ಚೇ ಆಫ್ ಮಾಡಿ. ಕಾಲು ತಾಗಿ ಮಧ್ಯದಲ್ಲಿ ತಾಸೆ ಶುರುವಾದರೆ ಯಾರ ಮುಖವನ್ನೂ ನೋಡಲಾಗದು. ಕುವೆಂಪು ಅವರ ನಾಡಗೀತೆಗೂ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ಗೊತ್ತುಮಾಡಿದೆ.

ಉಳಿದ ಪದ್ಯಗಳಿಗೆ ಹಕ್ಕಿನ ಲೆಕ್ಕ ಇದೆ. ಕವಿ ತೀರಿಕೊಂಡ ವರ್ಷದ ಮರುವರ್ಷದಿಂದ 60 ವರ್ಷ. ಪೈಗಳು ತೀರಿದ್ದು 1963ರಲ್ಲಿ, ಹಾಗಾಗಿ 2024ರ ಜನವರಿಯಿಂದ ಅವರ ಪದ್ಯಕ್ಕೆ ನಿಮ್ಮದೇ ರಾಗ ಕಟ್ಟಬಹುದು. ಬೇರೆಯವರು ಕಟ್ಟಿದ ರಾಗಕ್ಕೆ ಮಾತ್ರ ಹಕ್ಕು ಬೇರೆ. ಸರ್ಕಾರದ ಅಧಿಕೃತ ಸಮಾರಂಭದಲ್ಲಿ ಹಾಡುವುದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಟಿಕೆಟ್ಟಿನ ಕಾರ್ಯಕ್ರಮಕ್ಕೆ, ಯೂಟ್ಯೂಬಿಗೆ ಆ ವಿನಾಯಿತಿ ಇಲ್ಲ.

ಕೊನೆಗೆ ಹೆಸರು ಉಳಿಸುವುದು ಸ್ವಂತ ಹಾಡು. ಅಬ್ಬಕ್ಕನ ಮೇಲೆ ಈಗಾಗಲೇ ಸಾಕಷ್ಟು ಅಬ್ಬರ ಆಗಿದೆ. ಬ್ರಿಟಿಷರ ವಿರುದ್ಧದ 1837ರ ಅಮರ ಸುಳ್ಯ ದಂಗೆಯವರು ಬಾವುಟ ಏರಿಸಿದ ಗುಡ್ಡೆ ಮಂಗಳೂರಿನ ನಡುವೆಯೇ ಇದೆ. ಸ್ವಾತಂತ್ರ್ಯ ಹೋರಾಟಕ್ಕೆ ಆಸ್ತಿ ಕಳೆದುಕೊಂಡ ಕಾರ್ನಾಡು ಸದಾಶಿವ ರಾಯರ ಹೆಸರು ನಾವು ದಿನಾ ಟ್ರಾಫಿಕ್ಕಿನಲ್ಲಿ ಬೈದುಕೊಳ್ಳುವ ಕೆ. ಎಸ್. ರಾವ್ ರಸ್ತೆಯಲ್ಲಿದೆ. ಆ ರಸ್ತೆಯ ಮೇಲೊಂದು ಹಾಡು ಬಂದರೆ ಕೇಳಬಹುದಿತ್ತು.

ಹಣದ ವಿಷಯ ಚಿಕ್ಕದು. ಅರ್ಧ ಮುಂಗಡ, ಉಳಿದದ್ದು ಸ್ಟೇಜ್ ಹತ್ತುವ ಮೊದಲು. ಸೌಂಡ್ ಯಾರದು, ಊಟ ಯಾರದು ಎಂಬುದು ವಾಟ್ಸಾಪ್‌ನಲ್ಲಾದರೂ ಬರಹದಲ್ಲಿರಲಿ.

ದೊಡ್ಡ ಕಷ್ಟ ಸಭಾ ಕಾರ್ಯಕ್ರಮದ್ದು. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು, ಅದು 2000ನೇ ಇಸವಿಯ ನಿಯಮ. ಭಾಷಣಗಳಿಗೆ ಅಂಥ ನಿಯಮವೇನೂ ಇದ್ದಂತೆ ಕಾಣುವುದಿಲ್ಲ. 45 ನಿಮಿಷ, 9 ಹಾಡು ಎಂದು ಒಪ್ಪಿ ಬಂದವರಿಗೆ ಸನ್ಮಾನ, ವಂದನಾರ್ಪಣೆ ಮುಗಿದು ಸಿಗುವುದು 20 ನಿಮಿಷ. ಅದಕ್ಕೇ ನಾಲ್ಕು ಹಾಡಿನ ಇನ್ನೊಂದು ಪಟ್ಟಿ ಬರೆದು ಗಿಟಾರಿನ ಮೇಲ್ಬದಿಗೆ ಅಂಟಿಸಿಡಿ: ಲೂಪ್ ಬೇಡದ್ದು ಮೊದಲು, ಸ್ವಂತದ್ದು ಎರಡನೆಯದು, ಸಭೆ ಜೊತೆಗೂಡುವಂಥದ್ದು ಮೂರನೆಯದು. ನಾಲ್ಕನೆಯದು 9 ಗಂಟೆ 55ಕ್ಕೆ ಮುಗಿಯಬೇಕು.